ಪೀಠದಲ್ಲಿ ಕಾಣದ ಸೀಮೆ: ಚೆನ್ನೈಯ ಕೋಟೆ ವಸ್ತುಸಂಗ್ರಹಾಲಯ ಮತ್ತು ಮೆಕೆಂಜಿಯ ಕೈಫಿಯತ್ತುಗಳು

ಗಡಿನಾಡ ಕನ್ನಡದ ಚರಿತ್ರೆಯನ್ನು 1953ರ ಆಂಧ್ರ ರಾಜ್ಯದ ರಚನೆಯಿಂದ ಇಲ್ಲವೆ 1956ರ ರಾಜ್ಯ ಪುನರ್ವಿಂಗಡಣೆಯಿಂದ ಆರಂಭಿಸುವುದು ರೂಢಿ. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದುದು, ಕಾಸರಗೋಡು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಹೋದುದು, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂದರೂ ತಾಳವಾಡಿ ಆಚೆಯೇ ಉಳಿದುದು ಆ ಕೆಲವೇ ವರ್ಷಗಳ ಸಂಗತಿಗಳು. ಜನರ ನೆನಪಿನಲ್ಲಿ ಇನ್ನೂ ಹಸಿಯಾಗಿರುವುದರಿಂದ ಅವು ಚರ್ಚೆಯ ಮುಂಭಾಗದಲ್ಲಿ ನಿಲ್ಲುವುದು ಸಹಜ. ಆದರೆ ಆಗ ಹಂಚಿಕೆಯಾದುದು ಬಹುಮಟ್ಟಿಗೆ ಮೊದಲೇ ಸಿದ್ಧವಾಗಿದ್ದ ಜಿಲ್ಲೆ ಮತ್ತು ತಾಲ್ಲೂಕುಗಳು. ಈ ಸೀಮೆಗಳೆಲ್ಲ, ಹೊಸೂರು, ಮಡಕಶಿರಾ, ವಯನಾಡುಗಳೂ ಸೇರಿ, ಮದರಾಸು ಪ್ರಾಂತದೊಳಗೆ ಬಂದುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿರುವುದು 1792ರಿಂದ 1803ರವರೆಗಿನ ಹನ್ನೊಂದು ವರ್ಷಗಳಲ್ಲಿ.

ಆ ವರ್ಷಗಳ ಕುರುಹುಗಳು ಚೆನ್ನೈ ನಗರದ ಎರಡು ಸಂಸ್ಥೆಗಳಲ್ಲಿ ಹಂಚಿಹೋಗಿವೆ. ಒಂದು ಸೇಂಟ್ ಜಾರ್ಜ್ ಕೋಟೆಯ ವಸ್ತುಸಂಗ್ರಹಾಲಯ. ಇನ್ನೊಂದು ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ. ಮೊದಲನೆಯದರಲ್ಲಿ ಯುದ್ಧದ ಸ್ಮರಣೆ ಎದ್ದುಕಾಣುತ್ತದೆ. ಎರಡನೆಯದನ್ನು ಯಾರೂ ಸೈನಿಕ ಗ್ರಂಥಾಲಯವೆಂದು ಕರೆಯುವುದಿಲ್ಲ. ಆದರೂ ಅಲ್ಲಿನ ಬಹುಮುಖ್ಯ ಸಂಗ್ರಹವೊಂದು ಕಂಪನಿ ಸೇನೆಯ ಎಂಜಿನಿಯರನೊಬ್ಬನದು, ಯುದ್ಧದ ಬೆನ್ನಿಗೇ ಬೆಳೆದದ್ದು. ಒಂದನ್ನು ನೋಡಿ ಇನ್ನೊಂದನ್ನು ಓದದೆ ಬಿಟ್ಟರೆ ಗಡಿನಾಡಿನ ಚರಿತ್ರೆ ಅರ್ಧವಾಗಿಯೇ ಉಳಿಯುತ್ತದೆ.

ಮೌಂಟ್ ರಸ್ತೆಯ ಕಡೆಯಿಂದ ಕೋಟೆಗೆ ಹೋಗುವವರಿಗೆ ಮೊದಲು ಎದುರಾಗುವುದು ಕೂವಂ ನದಿಯ ನಡುಗಡ್ಡೆಯಲ್ಲಿ ಕುದುರೆಯೇರಿ ನಿಂತಿರುವ ಥಾಮಸ್ ಮನ್ರೋನ ಕಂಚಿನ ಪ್ರತಿಮೆ. ಫ್ರಾನ್ಸಿಸ್ ಶಾಂಟ್ರಿ ಎಂಬ ಶಿಲ್ಪಿಯ ಈ ಕೃತಿಯಲ್ಲಿ ಸವಾರನಿಗೆ ಜೀನು ಇಲ್ಲ, ರಿಕಾಪು ಇಲ್ಲ. ನಗರದ ಜನ ಮಾತನಾಡುವುದು ಈ ಕೊರತೆಯ ಕುರಿತಾಗಿಯೇ. ಗಡಿನಾಡಿನ ಓದುಗರು ಗಮನಿಸಬೇಕಾದುದು ಬೇರೊಂದಿದೆ. ಸೈನಿಕನಾಗಿ ಬಂದ ಮನ್ರೋ 1792ರಿಂದ 1799ರವರೆಗೆ ಅಲೆಕ್ಸಾಂಡರ್ ರೀಡನ ಕೈಕೆಳಗೆ ಬಾರಾಮಹಲಿನ ಕಂದಾಯ ನೋಡಿಕೊಂಡ; 1799-1800ರಲ್ಲಿ ಕನ್ನಡ ಜಿಲ್ಲೆಯ ಕಲೆಕ್ಟರನಾದ; 1800ರಿಂದ 1807ರವರೆಗೆ ಬಳ್ಳಾರಿ, ಕಡಪ ಮೊದಲಾದುವನ್ನೊಳಗೊಂಡ ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿದ್ದ. ಮುಂದೆ ಮದರಾಸಿನ ಗವರ್ನರನಾಗಿ 1827ರಲ್ಲಿ ಕಾಲರಾ ತಗುಲಿ ತೀರಿಕೊಂಡದ್ದು ಆದವಾನಿಗೆ ದೂರವಲ್ಲದ ಪತ್ತಿಕೊಂಡದಲ್ಲಿ. ಇಂದು ಮೂರು ರಾಜ್ಯಗಳಿಗೆ ಹಂಚಿಹೋಗಿರುವ ಗಡಿ ಪ್ರದೇಶಗಳ ಕಂದಾಯ ವ್ಯವಸ್ಥೆಯಲ್ಲಿ ಈ ಒಬ್ಬನ ಕೈಬರಹವಿದೆ.

ಕೋಟೆಯೊಳಗೆ ಈಗ ತಮಿಳುನಾಡಿನ ಸಚಿವಾಲಯವೂ ಶಾಸನಸಭೆಯೂ ಇವೆ. ವಸ್ತುಸಂಗ್ರಹಾಲಯ 1795ರಲ್ಲಿ ವರ್ತಕರ ವಿನಿಮಯ ಕೇಂದ್ರವಾಗಿ ಎದ್ದ ಕಟ್ಟಡದಲ್ಲಿದೆ. 1948ರಲ್ಲಿ ತೆರೆದ ಈ ಸಂಸ್ಥೆಯನ್ನು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ನಡೆಸುತ್ತಿದೆ. ಕತ್ತಿ, ಕೋವಿ, ಫಿರಂಗಿ, ದಂಡಿನ ಸಮವಸ್ತ್ರ, ಪದಕ, ನಾಣ್ಯ, ಪಿಂಗಾಣಿ. ಮೇಲಿನ ಮಹಡಿಯಲ್ಲಿ ಗವರ್ನರರ, ದೊರೆ-ರಾಣಿಯರ ಆಳೆತ್ತರದ ಚಿತ್ರಗಳು. ಮಹಡಿಗೆ ಹೋಗುವ ಮೆಟ್ಟಿಲ ಬುಡದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಅಮೃತಶಿಲೆಯ ದೊಡ್ಡ ಪ್ರತಿಮೆ ನಿಂತಿದೆ. ಇದನ್ನು ಕೆತ್ತಿದವನು ಲಂಡನ್ನಿನ ಥಾಮಸ್ ಬ್ಯಾಂಕ್ಸ್. ಮದರಾಸಿನ ಗಣ್ಯರೂ ಕಂಪನಿಯ ನಾಗರಿಕ ಮತ್ತು ಸೇನಾ ನೌಕರರೂ ಕೂಡಿ ವೆಚ್ಚ ಭರಿಸಿದರು. ಮೊದಲು ಕೋಟೆಯ ಕವಾಯತು ಮೈದಾನದಲ್ಲಿದ್ದ ಪ್ರತಿಮೆ ನಗರದಲ್ಲಿ ಹಲವೆಡೆ ತಿರುಗಿ ಕೊನೆಗೆ ಇಲ್ಲಿಗೆ ಬಂತು. ಅಮೆರಿಕದ ಯಾರ್ಕ್‌ಟೌನಿನಲ್ಲಿ 1781ರಲ್ಲಿ ಶರಣಾದ ಸೇನಾಪತಿಗೆ ಹನ್ನೊಂದು ವರ್ಷಗಳ ಬಳಿಕ ಶ್ರೀರಂಗಪಟ್ಟಣದಲ್ಲಿ ಸಿಕ್ಕ ಗೆಲುವಿನ ಸ್ಮಾರಕ ಇದು.

ಪ್ರತಿಮೆಗಿಂತ ಅದರ ಪೀಠದ ಉಬ್ಬುಶಿಲ್ಪ ಹೆಚ್ಚು ಹೇಳುತ್ತದೆ. ಟೀಪು ಸುಲ್ತಾನನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಗಿ ಸ್ವೀಕರಿಸುತ್ತಿರುವ ದೃಶ್ಯ ಅಲ್ಲಿದೆ. 1792ರ ಫೆಬ್ರವರಿ 26ರಂದು ಸುಮಾರು ಹತ್ತು ವರ್ಷದ ಅಬ್ದುಲ್ ಖಾಲಿಕ್ ಮತ್ತು ಎಂಟು ವರ್ಷದ ಮುಯಿಜುದ್ದೀನ್ ಶ್ರೀರಂಗಪಟ್ಟಣದ ಕೋಟೆಯಿಂದ ಆನೆಯ ಮೇಲೆ ಹೊರಟು ಕಂಪನಿಯ ಶಿಬಿರಕ್ಕೆ ಬಂದರು. ದಂಡಿನ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ ಇದನ್ನು ಚಿತ್ರಿಸಿದ. ಭಾರತವನ್ನೇ ನೋಡದ ಮೇದರ್ ಬ್ರೌನ್‌ನಂಥವರು ಲಂಡನ್ನಿನಲ್ಲಿ ಕುಳಿತು ಚಿತ್ರಿಸಿದರು. ಮಕ್ಕಳ ಕೈಹಿಡಿದು ಬರಮಾಡಿಕೊಳ್ಳುವ ಸೇನಾಪತಿಯ ಭಂಗಿ ಯುದ್ಧವನ್ನು ವಾತ್ಸಲ್ಯದ ಕಥೆಯಾಗಿ ಮಾರ್ಪಡಿಸಿತು. ಬ್ಯಾಂಕ್ಸನ ಶಿಲ್ಪದ್ದೂ ಅದೇ ಧಾಟಿ. ಆ ಮಕ್ಕಳು ಮುಂದಿನ ಎರಡು ವರ್ಷ ಕಳೆದದ್ದು ಈ ಮದರಾಸಿನಲ್ಲಿಯೇ. 1794ರ ಮಾರ್ಚಿನಲ್ಲಿ ದೇವನಹಳ್ಳಿಯಲ್ಲಿ ಅವರನ್ನು ತಂದೆಗೆ ಒಪ್ಪಿಸಲಾಯಿತು.

ಒಪ್ಪಂದದ ಕರಾರುಗಳು ನೆರವೇರುವವರೆಗಿನ ಜಾಮೀನು ಈ ಮಕ್ಕಳು. ಮುಖ್ಯ ಕರಾರುಗಳಾದರೋ ಎರಡು: ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಮತ್ತು ರಾಜ್ಯದ ಅರ್ಧ. ಮಕ್ಕಳು ಹಿಂದಿರುಗಿದರು. ಅರ್ಧ ರಾಜ್ಯ ಹಿಂದಿರುಗಲಿಲ್ಲ. ಪೀಠದ ಶಿಲ್ಪ ಮರಳಿ ಬಂದುದನ್ನು ತೋರಿಸುತ್ತದೆ. ಮರಳದುದು ಅದರಲ್ಲಿ ಇಲ್ಲ. ವಸ್ತುಸಂಗ್ರಹಾಲಯದಲ್ಲಿ ಯುದ್ಧವೆಂದರೆ ವ್ಯಕ್ತಿ, ಆಯುಧ ಮತ್ತು ಸಮಾರಂಭ. ಬಿಟ್ಟುಕೊಟ್ಟ ಭೂಮಿಗೆ ಅಲ್ಲಿ ರೂಪವಿಲ್ಲ. ಅದನ್ನು ನೋಡಬೇಕಾದರೆ ಒಪ್ಪಂದಗಳ ಪಟ್ಟಿಗಳಿಗೆ ಹೋಗಬೇಕು.

ಮಾರ್ಚ್ 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು, ದಿಂಡಿಗಲ್ಲು, ಮಲಬಾರುಗಳು ಕಂಪನಿಗೆ ಬಂದವು. ಕೊಡಗು ಅದರ ಆಶ್ರಯಕ್ಕೆ ಸೇರಿತು. 1791ರ ಜುಲೈಯಲ್ಲೇ ಕಂಪನಿಯ ಸೇನೆ ಹಿಡಿದಿದ್ದ ಹೊಸೂರು ಈ ಸಲ ಟೀಪುವಿನಲ್ಲೇ ಉಳಿಯಿತು; ಸೇಲಂ ಜಿಲ್ಲೆಯ ಬಾಲಾಘಾಟ್ ಎನಿಸಿಕೊಂಡ ಆ ಮೇಲುಸೀಮೆ ಕೈಬದಲಾದುದು 1799ರಲ್ಲಿ. ಟೀಪು ಮಡಿದ ಆ ವರ್ಷದ ಪಾಲುಪಟ್ಟಿಯಲ್ಲಿ ಕನ್ನಡ ಜಿಲ್ಲೆ ಮತ್ತು ಕೊಯಮತ್ತೂರು ಸೀಮೆ ಕಂಪನಿಗೆ ಸಂದವು. ಬೇಕಲ ಕನ್ನಡ ಜಿಲ್ಲೆಯ ದಕ್ಷಿಣದ ಅಂಚಾಯಿತು. ಮುಂದೆ ಕಾಸರಗೋಡು ತಾಲ್ಲೂಕು ಎನಿಸಿದುದು ಆ ಭಾಗವೇ. ನಿಜಾಮನ ಪಾಲಿಗೆ ಬಂದಿದ್ದ ಪ್ರದೇಶಗಳನ್ನು, ಆದವಾನಿಯನ್ನೂ ಸೇರಿಸಿ, ಆತ 1800ರ ಅಕ್ಟೋಬರಿನಲ್ಲಿ ಕಂಪನಿಯ ಸಹಾಯಕ ಸೈನ್ಯದ ವೆಚ್ಚಕ್ಕಾಗಿ ಬಿಟ್ಟುಕೊಟ್ಟ. ದತ್ತಮಂಡಲವೆಂಬ ಹೆಸರು ಹುಟ್ಟಿದ್ದು ಹೀಗೆ. ವಯನಾಡಿನ ವಿಷಯ 1803ರ ಡಿಸೆಂಬರಿನಲ್ಲಿ ಮೈಸೂರಿನೊಡನೆ ಆದ ಪೂರಕ ಒಪ್ಪಂದದವರೆಗೂ ಕಾಗದದಲ್ಲಿ ತೀರ್ಮಾನವಾಗಲಿಲ್ಲ. ನೆಲದ ಮೇಲೆ ಪಳಶ್ಶಿ ರಾಜನ ಹೋರಾಟ 1805ರ ನವೆಂಬರಿನಲ್ಲಿ ಅವನು ಪುಲ್ಪಳ್ಳಿಯ ಸಮೀಪ ಮಡಿಯುವವರೆಗೆ ನಡೆಯಿತು.

ಈ ಪಟ್ಟಿಗಳಲ್ಲಿ ಪ್ರತಿ ಸೀಮೆಯ ಎದುರು ಬರೆದಿರುವುದು ಅದರ ಹುಟ್ಟುವಳಿ. 1799ರ ಪಾಲುಪಟ್ಟಿಯಲ್ಲಿ ಲೆಕ್ಕ ಕಂಠೀರಾಯಿ ವರಹಗಳಲ್ಲಿದೆ. ಮೈಸೂರು ಒಡೆಯರ ಹೆಸರಿನ ನಾಣ್ಯವೇ ಮೈಸೂರನ್ನು ಕತ್ತರಿಸುವ ಅಳತೆಗೋಲಾಯಿತು. ಹುಟ್ಟುವಳಿಯ ಜೊತೆಗೆ ನೋಡಿದ ಇನ್ನೊಂದು ಸಂಗತಿ ಘಟ್ಟದ ದಾರಿ. ಮೈಸೂರಿನ ದಂಡು ಇಳಿದು ಬರುತ್ತಿದ್ದ ಕಣಿವೆದಾರಿಗಳನ್ನು ತನ್ನ ಹಿಡಿತದಲ್ಲಿಡುವುದು ಕಂಪನಿಯ ಬಹುದಿನದ ಅಪೇಕ್ಷೆ. 1790ರ ಸೆಪ್ಟೆಂಬರಿನಲ್ಲಿ ಟೀಪು ಗಜ್ಜಲಹಟ್ಟಿ ಕಣಿವೆಯಲ್ಲಿ ಇಳಿದು ಸತ್ಯಮಂಗಲದ ಬಳಿ ಕಂಪನಿಯ ಸೇನೆಯ ಮೇಲೆರಗಿದ್ದ. ತಾಳವಾಡಿಯ ಸೀಮೆ ಆ ಕಣಿವೆಗೆ ಹತ್ತಿರದ ಮೇಲುನಾಡು. ಹೊಸೂರಿನ ಸೀಮೆ ಬಾರಾಮಹಲಿಗೆ ಇಳಿಯುವ ದಾರಿಗಳ ತಲೆಯಲ್ಲಿದೆ. ಎರಡೂ ಭೂಗುಣದಲ್ಲಿ ಮೈಸೂರಿನ ಪ್ರಸ್ಥಭೂಮಿಗೆ ಸೇರಿದವು, ಆಡಳಿತದಲ್ಲಿ ಕೆಳನಾಡಿಗೆ ಸೇರಿದವು. ಹುಟ್ಟುವಳಿ ಮತ್ತು ಕಣಿವೆದಾರಿ ಎರಡೂ ಎಣಿಕೆಗೆ ಬಂದವು. ಅಲ್ಲಿಯ ಜನ ಆಡುವ ಮಾತು ಯಾವ ಪಟ್ಟಿಯಲ್ಲೂ ಎಣಿಕೆಗೆ ಬರಲಿಲ್ಲ. ಅದನ್ನು ಕಡೆಗಣಿಸಿದರು ಎನ್ನುವುದೂ ಪೂರ್ತಿ ಸರಿಯಲ್ಲ. ಭಾಷೆಯಿಂದ ಸೀಮೆ ಗುರುತಿಸುವ ವಿಚಾರ ಆ ಸಂಧಾನಗಳ ಕಲ್ಪನೆಯಲ್ಲೇ ಇರಲಿಲ್ಲ. ನೂರೈವತ್ತು ವರ್ಷಗಳ ಬಳಿಕ ಭಾಷಾವಾರು ಪ್ರಾಂತಗಳ ಚರ್ಚೆ ಎದ್ದಾಗ ಕೈಯಲ್ಲಿದ್ದ ಘಟಕಗಳು ಮಾತ್ರ ಬಹುಪಾಲು ಅವೇ.

ಒಪ್ಪಂದದ ಗೆರೆಯನ್ನು ನೆಲದ ಮೇಲೆ ಎಳೆದವನು ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೇಯಲ್ಲಿ 1754ರ ಸುಮಾರಿಗೆ ಹುಟ್ಟಿದ ಈತ 1783ರಲ್ಲಿ ಮದರಾಸಿಗೆ ಬಂದು ಕಂಪನಿ ಸೇನೆಯ ಎಂಜಿನಿಯರನಾದ. 1792ರ ಮುತ್ತಿಗೆಯಲ್ಲೂ 1799ರ ಮುತ್ತಿಗೆಯಲ್ಲೂ ಶ್ರೀರಂಗಪಟ್ಟಣದ ಮುಂದೆ ಇದ್ದ. ಟೀಪುವಿನ ಪತನದ ಬೆನ್ನಿಗೇ ಮೈಸೂರಿನ ಮೋಜಣಿ ಅವನ ಪಾಲಿಗೆ ಬಂತು. ಹೊಸದಾಗಿ ಹಂಚಿಕೆಯಾದ ಸೀಮೆಗಳ ಎಲ್ಲೆಗಳನ್ನು ನಿಶ್ಚಯಿಸುವುದು ಅದರ ಮೊದಲ ಕೆಲಸಗಳಲ್ಲೊಂದು. ಸುಮಾರು ಹತ್ತು ವರ್ಷ ನಡೆದ ಆ ಮೋಜಣಿ 40,000 ಚದರ ಮೈಲಿಗೂ ಹೆಚ್ಚು ಪ್ರದೇಶವನ್ನು ಒಳಗೊಂಡಿತು. ನಕ್ಷೆಯೊಡನೆ ಅವನು ಊರೂರಿನ ವೃತ್ತಾಂತಗಳನ್ನೂ ಶಾಸನಗಳನ್ನೂ ಬರೆಯಿಸಿ ತರಿಸಿದ. ಎಲ್ಲೆಕಲ್ಲು ನೆಡಿಸಿದ ಕೈಯೇ ಎಲ್ಲೆಯ ಎರಡೂ ಬದಿಯ ಊರುಗಳ ನೆನಪನ್ನೂ ಕಲೆಹಾಕಿತು.

‘ಕೈ’ ಎನ್ನುವುದು ಇಲ್ಲಿ ಆಡುಮಾತಿನ ಸೌಕರ್ಯ ಮಾತ್ರ. ದೇಶಭಾಷೆಗಳ ಮಟ್ಟಿಗೆ ಮೆಕೆಂಜಿ ತನ್ನ ಸಹಾಯಕರನ್ನೇ ಅವಲಂಬಿಸಿದ್ದ. ಅದನ್ನು ತಾನೇ ಒಪ್ಪಿಕೊಂಡಿದ್ದ. ಸಂಗ್ರಹದ ನಿಜವಾದ ಕರ್ತೃಗಳು ಕಾವಲಿ ವೆಂಕಟ ಬೊರಯ್ಯ, ಅವನು 1803ರಲ್ಲಿ ತೀರಿಕೊಂಡ ಮೇಲೆ ತಮ್ಮಂದಿರಾದ ಲಕ್ಷ್ಮಯ್ಯ ಮತ್ತು ರಾಮಸ್ವಾಮಿ, ಹಳಗನ್ನಡದ ಶಾಸನಗಳನ್ನು ಓದಬಲ್ಲವನಾಗಿದ್ದ ಜೈನ ಪಂಡಿತ ಧರ್ಮಯ್ಯ, ಮತ್ತು ಊರೂರು ಅಲೆದ ಅನೇಕ ಗುಮಾಸ್ತರು. ಥಾಮಸ್ ಹಿಕಿ 1816ರಲ್ಲಿ ಬರೆದ, ಈಗ ಲಂಡನ್ನಿನಲ್ಲಿರುವ ಚಿತ್ರದಲ್ಲಿ ಕೆಂಪು ಅಂಗಿಯ ಮೆಕೆಂಜಿಯ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ. ಹಿನ್ನೆಲೆಯ ಬೆಟ್ಟದ ಮೇಲೆ ಗೊಮ್ಮಟನ ಮೂರ್ತಿ. ಕೋಟೆಯ ಪೀಠದ ಶಿಲ್ಪದೊಡನೆ ಇದನ್ನು ಹೋಲಿಸಬಹುದು. ಅಲ್ಲಿ ಸೋತ ನಾಡನ್ನು ಪ್ರತಿನಿಧಿಸುವವರು ಮಾತಿಲ್ಲದ ಇಬ್ಬರು ಮಕ್ಕಳು. ಇಲ್ಲಿ ಅದೇ ನಾಡು ಬಲ್ಲವರ ಬಾಯಲ್ಲಿ ಮಾತಾಡುತ್ತದೆ, ಆದರೆ ಸಂಬಳ ಕೊಡುವವನು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿ.

ಮೆಕೆಂಜಿ 1821ರಲ್ಲಿ ಕಲ್ಕತ್ತೆಯ ಬಳಿ ತೀರಿಕೊಂಡ. ಅವನ ಪತ್ನಿಯಿಂದ ಸಂಗ್ರಹವನ್ನು ಕಂಪನಿ ಕೊಂಡುಕೊಂಡಿತು. ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಸೂಚಿಯ ಪ್ರಕಾರ ಅದರಲ್ಲಿ 1,568 ಹಸ್ತಪ್ರತಿಗಳು, 8,076 ಶಾಸನ ಪ್ರತಿಗಳು, 6,218 ನಾಣ್ಯಗಳಿದ್ದವು. ಒಂದು ಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಮದರಾಸಿಗೆ ಮರಳಿದವು. ಹಲವು ಕಡೆ ಇದ್ದು ಕೊನೆಗೆ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯವನ್ನು ಸೇರಿದ ಅವು, ಗ್ರಂಥಾಲಯದ ಜೊತೆಗೇ ಚೇಪಾಕದಿಂದ ಕೊಟ್ಟೂರುಪುರದ ಅಣ್ಣಾ ಶತಮಾನೋತ್ಸವ ಗ್ರಂಥಾಲಯದ ಕಟ್ಟಡಕ್ಕೆ ಸ್ಥಳಾಂತರಗೊಂಡಿವೆ. ಟೀಪುವಿನ ಸ್ವಂತ ಗ್ರಂಥಾಲಯದ ಗತಿ ಬೇರೆ. ಸುಮಾರು 2,000 ಸಂಪುಟಗಳ ಆ ಸಂಗ್ರಹ ಯುದ್ಧದ ಕೊಳ್ಳೆಯಾಗಿ ಕಲ್ಕತ್ತೆಗೂ ಇಂಗ್ಲೆಂಡಿಗೂ ಹಂಚಿಹೋಯಿತು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅದರ ಸೂಚಿಯನ್ನು ಅಚ್ಚುಮಾಡಿದ. ಅರಮನೆಯ ಪುಸ್ತಕಗಳು ಸಮುದ್ರ ದಾಟಿದವು, ಹಳ್ಳಿಯ ಲೆಕ್ಕಪತ್ರಗಳ ಪ್ರತಿಗಳು ಬಹುಪಾಲು ದಕ್ಷಿಣದಲ್ಲೇ ಉಳಿದವು. ಗಡಿನಾಡಿನ ಸಂಶೋಧಕರಿಗೆ ಇಂದು ಹತ್ತಿರವಿರುವುದು ಈ ಎರಡನೆಯದು.

ಕೈಫಿಯತ್ತೆಂದರೆ ಊರಿನ ಹೇಳಿಕೆ. ಊರು ಹುಟ್ಟಿದ ಬಗೆ, ದೇವಸ್ಥಾನದ ಕಥೆ, ಕೆರೆ ಕಟ್ಟಿಸಿದವರು, ಪಾಳೆಯಗಾರರ ವಂಶಾವಳಿ, ಮಾನ್ಯ ಮತ್ತು ಉಂಬಳಿಯ ಹೊಲಗದ್ದೆಗಳ ವಿವರ ಅದರಲ್ಲಿರುತ್ತವೆ. ಶಾನುಭೋಗರು ತಮ್ಮಲ್ಲಿದ್ದ ಹಳೆಯ ಕವಿಲೆ ಮತ್ತು ಕಡತಗಳನ್ನು ನೋಡಿ ಇದನ್ನು ಒದಗಿಸಿದರು. ಕಡತವೆಂದರೆ ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಹೊತ್ತಗೆ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಕೂಡ ಈ ಬರವಣಿಗೆಯ ಸಾಧನವನ್ನು ಗಮನಿಸಿ ವರ್ಣಿಸಿದ್ದಾನೆ.

ಕೈಫಿಯತ್ತುಗಳ ಯುದ್ಧ ವಸ್ತುಸಂಗ್ರಹಾಲಯದ ಯುದ್ಧವಲ್ಲ. ಸೇನಾಪತಿಯ ಭಂಗಿಗೆ ಅಲ್ಲಿ ಬೆಲೆಯಿಲ್ಲ. ಒಂದು ದಂಡು ಬಂದುದು ಊರು ಪಾಳುಬಿದ್ದ ವರ್ಷದ ಗುರುತು. ಒಬ್ಬ ದೊರೆ ಹೋಗಿ ಇನ್ನೊಬ್ಬ ಬಂದುದು ಮಾನ್ಯದ ಗದ್ದೆ ಜಪ್ತಿಯಾದ ಅಥವಾ ಮರಳಿ ದಕ್ಕಿದ ಸಂದರ್ಭ. ರಾಜಕೀಯ ಬದಲಾವಣೆ ಜನರನ್ನು ಮುಟ್ಟಿದ ಬಗೆ ಈ ಗದ್ಯದಲ್ಲಿ ಕಾಣುವಷ್ಟು ನೇರವಾಗಿ ಬೇರೆಡೆ ಕಾಣುವುದು ಅಪರೂಪ. ಹಾಗೆಂದು ಇದನ್ನು ಜನತೆಯ ನಿಷ್ಕಪಟ ದನಿಯೆಂದು ಭಾವಿಸುವುದು ತಪ್ಪು. ಹೇಳಿದವರು ಹೆಚ್ಚಾಗಿ ಶಾನುಭೋಗರು, ಅರ್ಚಕರು, ಪಾಳೆಯಗಾರರ ಮನೆಯವರು. ಹೊಸ ಸರ್ಕಾರ ಇನಾಮುಗಳನ್ನು ಪರಿಶೀಲಿಸುತ್ತಿದ್ದ ಹೊತ್ತಿನಲ್ಲಿ ಹಳೆಯ ದಾನದ ಕಥೆಯನ್ನು ಹೇಗೆ ಹೇಳಬೇಕೆಂಬ ಎಚ್ಚರ ಅವರಿಗಿತ್ತು. ಆ ಹೊಲಗಳಲ್ಲಿ ದುಡಿದವರ ಮಾತು ಅಲ್ಲಿಗೆ ಬರುವುದು ವಿರಳ. ಅಮೃತಶಿಲೆಯ ಪೀಠಕ್ಕೆ ಇರುವಂತೆ ಕಾಗದಕ್ಕೂ ಒಂದು ಪಕ್ಷವಿದೆ. ವ್ಯತ್ಯಾಸವೆಂದರೆ ಕಾಗದವನ್ನು ಪ್ರಶ್ನಿಸಲು ಪಕ್ಕದ ಊರಿನ ಇನ್ನೊಂದು ಕಾಗದ ಸಿಗುತ್ತದೆ.

ಈ ಪ್ರಶ್ನಿಸುವ ಕೆಲಸದಲ್ಲಿ ಗಡಿನಾಡಿನ ವಿದ್ವಾಂಸರ ಪಾತ್ರ ದೊಡ್ಡದು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ‘ಕರ್ನಾಟಕದ ಕೈಫಿಯತ್ತುಗಳು’ ಸಂಪುಟವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ ಪ್ರಕಟಿಸಿದುದು ಕನ್ನಡಕ್ಕೆ ದೊರೆತ ಮಹತ್ವದ ಕೊಡುಗೆ. ತೆಲುಗಿನಲ್ಲಿ ಜಿಲ್ಲಾವಾರು ಪ್ರಕಟಣೆಗಳು ಬಂದಿವೆ. ಎರಡೂ ಕಡೆಯ ಕೆಲಸ ಸಹಜವಾಗಿಯೇ ಇಂದಿನ ರಾಜ್ಯ ಮತ್ತು ಭಾಷೆಗಳ ಲೆಕ್ಕದಲ್ಲಿ ನಡೆದಿದೆ. ಮೂಲ ಸಂಗ್ರಹಕ್ಕೆ ಈ ಲೆಕ್ಕ ಹೊಂದುವುದಿಲ್ಲ. ದತ್ತಮಂಡಲದ ಕೈಫಿಯತ್ತುಗಳಲ್ಲಿ ಬಹುಪಾಲು ತೆಲುಗಿನವು. ಮರಾಠಿಯ ಮೋಡಿ ಬರಹದವೂ ಸಂಗ್ರಹದಲ್ಲಿವೆ. ಕನ್ನಡ ಮಾತಿನ ಊರೊಂದರ ವೃತ್ತಾಂತ ತೆಲುಗಿನಲ್ಲಿ ದಾಖಲಾಗಿದ್ದರೆ ಕನ್ನಡದ ಸಂಪಾದಕ ಅದನ್ನು ಬಿಡುತ್ತಾನೆ. ಅದರೊಳಗಿನ ಕೆರೆ, ಹೊಲ, ಕುಳಗಳ ಕನ್ನಡ ಹೆಸರುಗಳ ಅರ್ಥ ತೆಲುಗನ್ನಷ್ಟೇ ಬಲ್ಲ ಸಂಪಾದಕನಿಗೆ ಹೊಳೆಯದೆ ಹೋಗಬಹುದು. 1792ರ ಪಟ್ಟಿಯಲ್ಲಿ ಭಾಷೆ ಎಣಿಕೆಗೆ ಬರಲಿಲ್ಲ. ಪ್ರಕಟಣೆಗಳಲ್ಲಿ ಭಾಷೆಯೊಂದೇ ಎಣಿಕೆಗೆ ಬಂದರೆ ಎರಡು ಮಾತಿನ ಊರು ಮತ್ತೊಮ್ಮೆ ಹೊರಗುಳಿಯುತ್ತದೆ.

ರಾಯದುರ್ಗ, ಮಡಕಶಿರಾ, ಹೊಸೂರು, ಕಾಸರಗೋಡುಗಳಲ್ಲಿ ಮನೆಯಲ್ಲೊಂದು, ಸಂತೆಯಲ್ಲೊಂದು ಮಾತು ಆಡುತ್ತ ಬೆಳೆದವರಿಗೆ ಈ ದಾಖಲೆಗಳನ್ನು ಓದುವ ಅರ್ಧ ಸಿದ್ಧತೆ ಹುಟ್ಟಿನಿಂದಲೇ ದೊರೆತಿರುತ್ತದೆ. ಉಳಿದರ್ಧ ಹಳೆಯ ಕೈಬರಹವನ್ನು, ಮೋಡಿಯನ್ನು, ಕಂದಾಯದ ಪರಿಭಾಷೆಯನ್ನು ಕಲಿಯುವುದು. ಬೊರಯ್ಯ ಮತ್ತು ಧರ್ಮಯ್ಯರಿಗೆ ಇವೆರಡೂ ಇದ್ದವು. ಈ ವಿದ್ಯೆ ಬಲ್ಲವರ ಸಾಲು ತೆಳುವಾಗುತ್ತಿದೆ, ಕಾಗದವೂ ಹಳತಾಗುತ್ತಿದೆ. ಸಿ. ಪಿ. ಬ್ರೌನ್ ಹತ್ತೊಂಬತ್ತನೆಯ ಶತಮಾನದಲ್ಲೇ ಶಿಥಿಲವಾಗುತ್ತಿದ್ದ ಕೈಫಿಯತ್ತುಗಳ ಪ್ರತಿ ಮಾಡಿಸಿದ್ದರಿಂದ ಅನೇಕವು ಉಳಿದುಕೊಂಡವು. ಗಡಿಯ ಒಂದೊಂದು ತಾಲ್ಲೂಕಿಗೆ ಸೇರಿದ ಕೈಫಿಯತ್ತುಗಳನ್ನು, ಅವು ಯಾವ ಭಾಷೆಯಲ್ಲೇ ಇರಲಿ, ಒಟ್ಟಿಗೆ ತಂದು ಮೂಲ ಮತ್ತು ಅನುವಾದಗಳೊಡನೆ ಸಂಪಾದಿಸುವುದು ಈಗ ಆಗಬೇಕಾದ ಕೆಲಸ. ಕೋಟೆಯ ಮೆಟ್ಟಿಲ ಬುಡದ ಪೀಠದಲ್ಲಿ ಇಲ್ಲದ ಊರುಗಳ ಹೆಸರು ನಗರದ ಇನ್ನೊಂದು ಕಟ್ಟಡದ ಕಪಾಟುಗಳಲ್ಲಿವೆ. ಅವನ್ನು ತೆರೆದು ಓದಲು ಎರಡು ಭಾಷೆ ಬಲ್ಲವರೇ ಹೋಗಬೇಕು.